ಹೊರಗಾದ ಸಂಖ್ಯೆಗಳು

ಆ ದಿನ ನಾನು ಮಾಡಿದ ಕೆಲಸಗಳು ಇವು: ಅವ್ವನ ಜೊತೆ ಎದ್ದು ಒಲೆಯ ಬೂದಿ ತೆಗೆದದ್ದು, ಹೊಸ್ತಿಲು ತೊಳೆದು ರಂಗೋಲಿ ಎಳೆದದ್ದು, ಅಜ್ಜಿಗೆ ಎಲೆಅಡಿಕೆ ಕುಟ್ಟಿಕೊಟ್ಟದ್ದು, ಅಪ್ಪನ ಬೆಳಗಿನ ಬುತ್ತಿಗೆ ರೊಟ್ಟಿ ಸುಟ್ಟದ್ದು, ರಾಗಿ ಬೀಸಿದ್ದು, ನಾಳೆಯ ಮೊಳಕೆಗೆಂದು ಹುರುಳಿಯಲ್ಲಿ ಕಲ್ಲು ಆರಿಸಿ ನೆನೆಹಾಕಿದ್ದು, ಕೊಟ್ಟಿಗೆ ಬಾಚಿದ್ದು, ಹಿತ್ತಲ ಗೋಡೆಗೆ ಬೆರಣಿ ತಟ್ಟಿದ್ದು. ಹೊಸ್ತಿಲಾಚೆಯ ಅಂಗಳ ಗುಡಿಸಿ ನೀರು ಹಾಕುವ ಕೆಲಸ ಅದುವರೆಗೆ ನನ್ನದೇ ಆಗಿತ್ತು. ಅಂದು ಅದು ಅವ್ವನ ಪಾಲಿಗೆ ಹೋಯಿತು. ಹೀಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಪೊರಕೆ ಎತ್ತಿಕೊಂಡು ಬಾಗಿಲಿಗೆ ಹೋದಾಗ ಅವ್ವ ಮೆಲ್ಲಗೆ ಅದನ್ನು ನನ್ನ ಕೈಯಿಂದ ಇಸಿದುಕೊಂಡಳು, ಅಷ್ಟೆ. ನಾನು ಗುಡ್ಲಿನಿಂದ ಎದ್ದ ಮಾರನೆಯ ದಿನ ಅದು. ಗುಡ್ಲು ಎಂದರೆ, ನಮ್ಮ ಜನರಲ್ಲಿ ಹುಡುಗಿ ದೊಡ್ಡವಳಾದಾಗ ಸೋದರಮಾವ ಬಂದು ಹಿತ್ತಲಲ್ಲಿ ಕಟ್ಟುವ ಹಸಿರೆಲೆಯ ಸಣ್ಣ ಗುಡಿಸಲು. ಅದರೊಳಗೆ ಕೂತಿದ್ದಷ್ಟು ದಿನ ನಾನು ಏನನ್ನು ಗೆದ್ದುಕೊಂಡೆ, ಏನನ್ನು ಕಳೆದುಕೊಂಡೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಈ ದಿನಕ್ಕೆ ಬರುತ್ತೇನೆ.

ಕುಂಬಾರಕೊಪ್ಪಲಿನ ನಮ್ಮ ಮನೆ ಉದ್ದಕ್ಕೆ ಹೋದ ಮನೆ. ಬೀದಿಗೆ ಜಗುಲಿ, ಜಗುಲಿ ದಾಟಿದರೆ ನಡುಮನೆ, ನಡುಮನೆಯ ಒಂದು ಮಗ್ಗುಲಿಗೆ ಅಡಿಗೆಮನೆ, ಇನ್ನೊಂದು ಮಗ್ಗುಲಿಗೆ ರಾಗಿ ತುಂಬಿದ ಮಣ್ಣಿನ ವಾಡೆಗಳನ್ನು ಸಾಲಾಗಿ ನಿಲ್ಲಿಸಿದ್ದ ಕತ್ತಲೆ ಕೋಣೆ, ಹಿಂದೆ ಎತ್ತಿನ ಕೊಟ್ಟಿಗೆ, ಅದರ ಹಿಂದೆ ಹಿತ್ತಲು. ಹಿತ್ತಲಿನ ಒಂದು ಗೋಡೆ ಪಕ್ಕದ ಕೂಲಿಮಠದ್ದೂ ಹೌದು. ವಯಸ್ಸಾದ ಐಗಳೊಬ್ಬರು ತಮ್ಮ ಮನೆಯ ಹಿಂದಿನ ಚಪ್ಪರದಲ್ಲಿ ಕೊಪ್ಪಲಿನ ಗಂಡು ಹುಡುಗರನ್ನು ಕೂರಿಸಿಕೊಂಡು ಅಕ್ಷರ, ಮಗ್ಗಿ ಹೇಳಿಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಅಪ್ಪ ಗಾಡಿ ಹೊಡೆದು, ಗೂಡಿನಿಂದ ಇಟ್ಟಿಗೆಯನ್ನು ಪೇಟೆಯಲ್ಲಿ ಏಳುತ್ತಿದ್ದ ಹೊಸ ಮನೆಗಳಿಗೆ ಸಾಗಿಸುತ್ತಿದ್ದರು. ಅವ್ವನದು ಮಾತು ಕಡಿಮೆ. ಅಪ್ಪನ ತಾಯಿ, ನಮ್ಮಜ್ಜಿ, ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದಳು. ನಾನೊಬ್ಬಳು ಮಗಳು, ನಿಂಗಮ್ಮ. ಅಜ್ಜಿಯ ಬಾಯಲ್ಲಿ ನಿಂಗಿ.

ನಾನು ಪೇಟೆಯ ಹೆಣ್ಣುಮಕ್ಕಳ ಸ್ಕೂಲಿಗೆ ಹೋಗುತ್ತಿದ್ದದ್ದು ಅಪ್ಪನ ಇಟ್ಟಿಗೆ ಗಾಡಿಯ ಮೇಲೆ. ಗಾಡಿ ಹೇಗೂ ಆ ದಾರಿಯಲ್ಲೇ ಹೋಗುತ್ತಿತ್ತು. ಇಟ್ಟಿಗೆಯ ಮೇಲೆ ಗೋಣಿ ಹಾಸಿ ನನ್ನನ್ನು ಕೂರಿಸಿ ಸ್ಕೂಲಿನ ಗೇಟಿನ ಹತ್ತಿರ ಇಳಿಸುತ್ತಿದ್ದರು. ಇಳಿದವಳ ಲಂಗದ ಹಿಂಭಾಗ ಯಾವಾಗಲೂ ಕೆಂಪು. ಹುಡುಗಿಯರು ನನ್ನನ್ನು ಇಟ್ಟಿಗೆ ನಿಂಗಮ್ಮ ಎನ್ನುತ್ತಿದ್ದರು. ನಮಗೆ ಲೆಕ್ಕ ಹೇಳಿಕೊಡುತ್ತಿದ್ದವರು ಮದಲೇನಮ್ಮ ಟೀಚರು. ಅವರ ಮನೆಯವರು ತಲೆತಲಾಂತರದಿಂದ ಮೈಸೂರಿನವರೇ, ಕ್ರಿಸ್ತರು, ಚರ್ಚಿನ ಬೀದಿಯಲ್ಲೇ ಮನೆ. ಬಿಳಿ ಸೀರೆ, ಕರೀ ಕೊಡೆ, ಮೆತ್ತನೆಯ ಗಂಟಲು. ನಾನು ಹೋದ ಕೊನೆಯ ದಿನ ಅವರು ಹಲಗೆಯ ಮೇಲೆ ಹನ್ನೆರಡು ಎಂದು ಬರೆದು ಅದರ ಅಪವರ್ತನಗಳನ್ನು ಕೇಳಿದರು. ಎರಡು, ಮೂರು, ನಾಲ್ಕು, ಆರು ಎಂದು ನಾವೆಲ್ಲ ಕೂಗಿದೆವು. ಹನ್ನೆರಡಕ್ಕೆ ನೆಂಟರು ಬಹಳ ಎಂದು ನನಗೆ ಖುಷಿಯಾಯಿತು. ಆಮೇಲೆ ಹದಿಮೂರು ಬರೆದರು. ಯಾರೂ ಬಾಯಿ ಬಿಡಲಿಲ್ಲ. ಆಗ ಟೀಚರು ಒಂದು ವಾಕ್ಯ ಹೇಳಿ ಬಾಯಿಪಾಠ ಮಾಡಿಸಿದರು: ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. ವಾಕ್ಯ ಬಂತು, ಅರ್ಥ ಬರಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡು ಗಾಡಿ ಹತ್ತಿದೆ. ಆ ನಾಳೆ ಬರಲೇ ಇಲ್ಲ. ಸಂಜೆ ಮನೆಗೆ ಬಂದು ಲಂಗ ಬದಲಿಸುವಾಗ ಅವ್ವ ಅದನ್ನು ಕೈಗೆ ತೆಗೆದುಕೊಂಡು ದೀಪದ ಹತ್ತಿರ ಹಿಡಿದಳು. ಇಟ್ಟಿಗೆಯ ಬಣ್ಣವೆಂದು ನಾನು ಅಂದುಕೊಂಡದ್ದು ಇಟ್ಟಿಗೆಯದಾಗಿರಲಿಲ್ಲ.

ಮಾರನೆಯ ಬೆಳಗ್ಗೆ ಬೋಗಾದಿಯಿಂದ ಸೋದರಮಾವ ಬಂದ. ಅತ್ತಿ, ಹಲಸು, ಬೇವು ಎಂದು ಸೊಪ್ಪಿನ ಹೊರೆ ತಂದಿದ್ದ. ಕೂಲಿಮಠದ ಗೋಡೆಗೆ ಒರಗಿಸಿ ಗಳು ನೆಟ್ಟು, ತೆಂಗಿನ ಗರಿ ಹೊದಿಸಿ, ಮಧ್ಯಾಹ್ನದೊಳಗೆ ಗುಡ್ಲು ಎಬ್ಬಿಸಿಬಿಟ್ಟ. ಒಳಗೆ ಒಂದು ಚಾಪೆ, ಒಂದು ಹಳೇ ಕಂಬಳಿ, ಒಂದು ತಟ್ಟೆ, ಒಂದು ಚೆಂಬು. ಬಾಗಿಲಿನ ಜಾಗದಲ್ಲಿ ನೆಲಕ್ಕೆ ಅಡ್ಡವಾಗಿ ಒನಕೆ. ಒನಕೆಯನ್ನು ದಾಟಬಾರದು, ಗಂಡಸರ ಕಣ್ಣಿಗೆ ಬೀಳಬಾರದು, ನೆತ್ತಿಗೆ ಕೈ ಹಾಕಬಾರದು, ಗಟ್ಟಿಯಾಗಿ ಮಾತಾಡಬಾರದು. ನಿಂತರೆ ತಲೆ ಗರಿಗೆ ತಾಗುತ್ತಿತ್ತು, ಕಾಲು ಚಾಚಿದರೆ ಒನಕೆಗೆ. ಮೊದಲ ದಿನ ಎಲೆಯ ತಂಪು, ಹಸಿರು ವಾಸನೆ ಎಲ್ಲ ಚೆನ್ನಾಗಿಯೇ ಇತ್ತು. ಬರಬರುತ್ತ ಎಲೆ ಬಾಡಿ, ಒಳಗೆಲ್ಲ ಮಂಕಾದ ಬೆಳಕು, ಅರಿಸಿನ ಮತ್ತು ಎಳ್ಳೆಣ್ಣೆಯ ಜಿಡ್ಡು, ನೊಣ. ಅಜ್ಜಿ ದಿನಕ್ಕೆ ಎರಡು ಸಲ ಎಳ್ಳುಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ಮೆಂತ್ಯದ ಹಿಟ್ಟಿನ ಉಂಡೆ ತಂದು ಒನಕೆಯ ಆಚೆಯಿಂದ ತಟ್ಟೆಗೆ ಹಾಕುತ್ತಿದ್ದಳು. ಚಿಗಳಿಯ ಬೆಲ್ಲ ಮಾವ ತಂದದ್ದು. ಅದರಲ್ಲಿ ಮಣ್ಣು ಸಿಗುತ್ತದೆ ಎಂದು ಅಜ್ಜಿ ಕೊಪ್ಪಲಿನ ಹೆಂಗಸರ ಮುಂದೆ ಅಂದುಬಿಟ್ಟಳು. ತವರಿನ ಬೆಲ್ಲಕ್ಕೆ ಹೀಗಂದರಲ್ಲ ಎಂದು ಅವ್ವ ಒಂದಿಡೀ ದಿನ ಅಜ್ಜಿಯೊಡನೆ ಮಾತು ಬಿಟ್ಟಳು. ಅವ್ವ ಮಾತು ಬಿಟ್ಟಿದ್ದಾಳೆ ಎಂದು ತಿಳಿಯಲು ಅಜ್ಜಿಗೆ ಸಂಜೆಯವರೆಗೆ ಬೇಕಾಯಿತು. ಯಾರಾದರೂ ಹೆಂಗಸರು ಬಂದು ನಿಂಗಿ ಎಲ್ಲಿ ಎಂದರೆ ಅಜ್ಜಿಯ ಉತ್ತರ ಒಂದೇ:

"ಒರಗಾಗವ್ಳೆ ಕಣಮ್ಮ, ಗುಡ್ಲಲ್ಲವ್ಳೆ."

ನಾನು ಇದ್ದದ್ದು ಎಲ್ಲಕ್ಕಿಂತ ಒಳಗೆ. ಆದರೂ ನಮ್ಮ ಮಾತಿನಲ್ಲಿ ನಾನು ಹೊರಗೆ.

ಸಂಜೆ ಕೂಲಿಮಠದಲ್ಲಿ ಹುಡುಗರು ಸಾಲಾಗಿ ನಿಂತು ಮಗ್ಗಿ ಹೇಳುತ್ತಿದ್ದರು. ಗೋಡೆ ನನ್ನ ಬೆನ್ನಿಗೇ ಇದ್ದುದರಿಂದ ಆ ಕೂಗು ನನ್ನ ಬೆನ್ನೆಲುಬಿಗೆ ತಾಗುತ್ತಿತ್ತು. ಎರಡೊಂದ್ಲ ಎರಡು ಎಂದು ಹೊರಟು, ಇಪ್ಪತ್ಹತ್ಲ ಇನ್ನೂರು ಎಂದು ಕಿರುಚಿ ಚಾಪೆ ಸುತ್ತಿಕೊಂಡು ಓಡುವವರೆಗೆ ನಿಲ್ಲುತ್ತಿರಲಿಲ್ಲ. ಮೊದಮೊದಲು ಅದು ಬರೀ ಗದ್ದಲ. ಆಮೇಲೆ ಬೇರೆ ಕೆಲಸವಿಲ್ಲದೆ ಒಂದೊಂದೇ ಸಂಖ್ಯೆಯನ್ನು ಹಿಡಿಯತೊಡಗಿದೆ. ಇಂದು ಇಪ್ಪತ್ತೊಂದು ಎಷ್ಟು ಸಲ ಬಂತು ನೋಡೋಣ ಎಂದು ಕಿವಿಯಿಟ್ಟರೆ, ಮೂರರ ಮಗ್ಗಿಯಲ್ಲಿ ಒಮ್ಮೆ, ಏಳರ ಮಗ್ಗಿಯಲ್ಲಿ ಒಮ್ಮೆ ಬಂತು. ಇಪ್ಪತ್ತೆರಡು ಹನ್ನೊಂದರ ಮಗ್ಗಿಯಲ್ಲಿ ಬಂತು. ಇಪ್ಪತ್ನಾಲ್ಕು ಬಂದು ಬಂದು ಬೇಜಾರೇ ಹಿಡಿಸಿತು. ಇಪ್ಪತ್ಮೂರು ಮಾತ್ರ ಬರಲಿಲ್ಲ. ನಾಳೆ ಬಂದೀತು ಎಂದು ಮಾರನೆಯ ಸಂಜೆ ಕಾದೆ. ಮಗ್ಗಿ ಎರಡರಿಂದ ಇಪ್ಪತ್ತಕ್ಕೆ ಹೋಗಿ ಮುಗಿಯಿತು, ಇಪ್ಪತ್ಮೂರು ಬರಲಿಲ್ಲ. ಇಪ್ಪತ್ತೊಂಬತ್ತೂ ಬರಲಿಲ್ಲ. ಮೂವತ್ತೊಂದು, ಮೂವತ್ತೇಳು, ಇವೂ ಇಲ್ಲ. ಹದಿಮೂರು, ಹದಿನೇಳು, ಹತ್ತೊಂಬತ್ತು ಇಂಥವು ತಮ್ಮ ತಮ್ಮ ಮಗ್ಗಿಯ ಬಾಗಿಲಲ್ಲಿ ಒಂದು ಸಲ ನಿಂತು ಹೋಗುತ್ತಿದ್ದವೇ ಹೊರತು, ಇನ್ನೊಬ್ಬರ ಮಗ್ಗಿಗೆ ಕಾಲಿಡುತ್ತಿರಲಿಲ್ಲ.

ಬೇಜಾರಾದರೆ ಚೌಕಾಬಾರ ಆಡಿಕೊ ಎಂದು ಅವ್ವ ಒಂದು ಬೊಗಸೆ ಹುಣಸೆಬೀಜ ಕೊಟ್ಟಿದ್ದಳು, ನಲವತ್ತಕ್ಕೆ ಒಂದೆರಡು ಕಡಿಮೆ. ಆಡಲು ಜೊತೆಗೆ ಯಾರೂ ಇರಲಿಲ್ಲ. ಚಾಪೆಯ ಮೇಲೆ ಇಪ್ಪತ್ನಾಲ್ಕು ಬೀಜ ಇಟ್ಟು ಸಾಲು ಮಾಡಿದೆ. ಎರಡು ಸಾಲು ಮಾಡಿದರೂ ಸಮ, ಮೂರು ಮಾಡಿದರೂ ಸಮ, ನಾಲ್ಕೂ ಸಮ, ಆರೂ ಸಮ. ಒಂದು ಬೀಜ ತೆಗೆದು ಇಪ್ಪತ್ಮೂರು ಮಾಡಿ ಸಾಲು ಹಚ್ಚಿದೆ. ಎರಡು ಸಾಲಿಗೆ ಒಂದು ಬೀಜ ಉಳಿಯಿತು. ಮೂರು ಸಾಲಿಗೆ ಎರಡು. ನಾಲ್ಕಕ್ಕೆ ಮೂರು. ಯಾವ ಕಡೆಯಿಂದ ಹೋದರೂ ಯಾವುದಾದರೂ ಬೀಜ ಸಾಲಿಗೆ ಸೇರದೆ ಪಕ್ಕದಲ್ಲಿ ನಿಲ್ಲುತ್ತಿತ್ತು. ಒಂದೇ ಉದ್ದ ಸಾಲು ಮಾಡಿದರೆ ಮಾತ್ರ ಸರಿಹೋಗುತ್ತಿತ್ತು. ಬಾಯಿಪಾಠದ ವಾಕ್ಯ ಆಗ ತಾನಾಗಿ ಬಾಯಿಗೆ ಬಂತು, ಒಂದರಿಂದಲೂ ತನ್ನಿಂದಲೂ ಹೊರತು. ಟೀಚರು ಹೇಳಿದ್ದು ಇದನ್ನೇ ಎಂದು ತಿಳಿದಾಗ ಗುಡ್ಲಿನ ಎಲೆಗಳೆಲ್ಲ ಒಮ್ಮೆಗೇ ಅಲುಗಿದ ಹಾಗಾಯಿತು. ಎದ್ದು ನಿಲ್ಲಹೋಗಿ ತಲೆ ಗರಿಗೆ ಹೊಡೆಸಿಕೊಂಡೆ. ಅವಿಭಾಜ್ಯ ಎಂಬ ಮಾತು ನಾಲಿಗೆಗೆ ದಪ್ಪವೆನಿಸಿತು. ನಾನು ಅವಕ್ಕೆ ಹೊರಗಾದವು ಎಂದು ಹೆಸರಿಟ್ಟೆ. ಯಾರ ಮಗ್ಗಿಯೂ ಅವನ್ನು ಒಳಗೆ ಸೇರಿಸುವುದಿಲ್ಲ, ಅದಕ್ಕೆ ಹೊರಗಾದವು. ಮೂವತ್ತೇಳರವರೆಗೆ ಬೀಜ ಜೋಡಿಸಿ ನೋಡಿದೆ, ತಪ್ಪಲಿಲ್ಲ. ಅಲ್ಲಿಗೆ ಬೀಜ ಮುಗಿಯಿತು. ಮುಂದಕ್ಕೆ ಹುಡುಗರನ್ನೇ ನಂಬಿದೆ. ಅವರ ಬಾಯಲ್ಲಿ ಬರದೆ ಉಳಿದದ್ದನ್ನೆಲ್ಲ ನನ್ನ ಕಡೆಯವು ಎಂದು ಎಣಿಸಿಕೊಂಡೆ.

ಮಗ್ಗಿಯನ್ನು ಹೀಗೆ ಕಾದು ಕೇಳುತ್ತಿದ್ದವಳಿಗೆ ಒಂದು ಸಂಜೆ ತಡೆಯಲಾಗಲಿಲ್ಲ. ಹುಡುಗರು ಹತ್ತೊಂಬತ್ತರ ಮಗ್ಗಿಯಲ್ಲಿ ಎಡವಿದರು. ಹತ್ತೊಂಬತ್ತೇಳ್ಲ ನೂರಾ ಮೂವತ್ತೊಂದು ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ನೂರಾ ಮೂವತ್ತೊಂದನ್ನು ಅದುವರೆಗೆ ನಾನು ಯಾವ ಮಗ್ಗಿಯಲ್ಲೂ ಕೇಳಿರಲಿಲ್ಲ. ನನ್ನ ಕಡೆಯದೊಂದನ್ನು ಅವರು ಎಳೆದುಕೊಂಡು ಹೋದ ಹಾಗಾಯಿತು. ಗೋಡೆಗೆ ಬಾಯಿಟ್ಟು ಹೇಳಿಬಿಟ್ಟೆ:

"ನೂರಾ ಮೂವತ್ಮೂರು."

ಆಚೆ ಕಡೆಯಿಂದ ಐಗಳ ದನಿ.

"ಯಾರ್ರಪ್ಪ ಅದು, ಗೋಡೆ ಮಾತಾಡ್ತಾ ಇರೋದು?"

ಹುಡುಗರು ಬಿದ್ದು ಬಿದ್ದು ನಕ್ಕರು. ಅಜ್ಜಿ ಕೊಟ್ಟಿಗೆಯಿಂದ ಪೊರಕೆ ಸಮೇತ ಓಡಿಬಂದಳು. ಒನಕೆ ದಾಟುವಂತಿಲ್ಲವಾದ್ದರಿಂದ ಆಚೆಯೇ ನಿಂತು ಗುಡ್ಲಿನ ಗರಿಗೆ ಒಂದು ಬಿಟ್ಟಳು.

"ಲೇ ನಿಂಗಿ, ಗುಡ್ಲಲ್ಲಿ ಕುಂತಿರೋ ಎಣ್ಣು ನೀನು. ಗಂಡೈಕ್ಳಿಗೆ ಮಗ್ಗಿ ಯೋಳ್ಕೊಡ್ತೀಯಾ? ಕೇಳ್ದೋರು ಏನಂದಾರು?"

"ಬುಡಿ ಅಜ್ಜಮ್ಮ, ತಪ್ಪೇನೂ ಹೇಳ್ಲಿಲ್ಲ," ಎಂದರು ಗೋಡೆಯಾಚೆಯ ಐಗಳು. "ನನ್ನ ಹುಡುಗರಿಗಿಂತ ನಿಮ್ಮ ಗುಡ್ಲೇ ವಾಸಿ."

ಐಗಳು ತಮಾಷೆಗೆ ಹೇಳಿದ ಮಾತು ನನ್ನ ತಲೆಗೆ ಬಂತು. ಅಪ್ಪ ಗಾಡಿ ಬಿಟ್ಟು ಜಗುಲಿಯ ಮೇಲೆ ಕೂರುವಷ್ಟರಲ್ಲಿ ಅಜ್ಜಿ ಎಲ್ಲವನ್ನೂ ಹೇಳಿದಳು. ಅಪ್ಪ ಮುಖವನ್ನು ಟವಲಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದರಂತೆ, ಭುಜ ಮಾತ್ರ ಕುಲುಕುತ್ತಿತ್ತಂತೆ. ಇದು ನನಗೆ ಅವ್ವ ಹೇಳಿದ್ದು. ಅಜ್ಜಿಗೆ ನಗು ಬರಲಿಲ್ಲ. ಸ್ಕೂಲಿಗೆ ಕಳಿಸಿದ್ದರ ಫಲ ಇದು, ಗಂಡಿನ ಕಡೆಯವರು ಬಂದು ಕೂತಾಗಲೂ ಒಳಗಿನಿಂದ ಲೆಕ್ಕ ತಿದ್ದುತ್ತಾಳೆ, ಗುಡ್ಲು ಕಳೆದ ಮೇಲೆ ಇನ್ನು ಸ್ಕೂಲು ಬೇಡ, ಗಾಡಿಯ ಮೇಲೆ ಪೇಟೆಯ ನಡುವೆ ಕೂತು ಹೋಗುವುದು ಬೇಡ ಎಂದಳು. ಅವಳಿಗೆ ನನ್ನ ಮೇಲೆ ಹಗೆಯಿರಲಿಲ್ಲ. ಅವಳು ತಾನೇ ನನ್ನಷ್ಟು ವಯಸ್ಸಿನಲ್ಲಿ ಗುಡ್ಲಿನಿಂದ ಎದ್ದು ನೇರವಾಗಿ ಈ ಮನೆಯ ಒಲೆಯ ಮುಂದೆ ಬಂದು ಕೂತವಳು. ನಡುವೆ ಇನ್ನೇನಾದರೂ ಇರಬಹುದು ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಅಪ್ಪ ನೋಡಾನ ಎಂದರು. ನಮ್ಮಪ್ಪನ ನೋಡಾನ ಎಷ್ಟು ಉದ್ದ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಎಲೆಗಳ ಸಂದಿನಿಂದ ಕೊಟ್ಟಿಗೆಯ ಬೆಳಕನ್ನೇ ನೋಡುತ್ತ, ಗುಡ್ಲಿನಿಂದ ಎದ್ದ ಮೇಲೆ ನಾನು ಹೋಗುವ ಜಾಗ ಇದಕ್ಕಿಂತ ಸ್ವಲ್ಪ ದೊಡ್ಡದಾದ ಗುಡ್ಲು ಮಾತ್ರವೇನೋ ಎಂದು ಹೆದರಿದೆ.

ನನ್ನನ್ನು ಎಬ್ಬಿಸುವ ದಿನ ಭಾನುವಾರವಾಗಿತ್ತು. ಎಣ್ಣೆನೀರು ಹಾಕಿ, ಮಾವ ತಂದ ಸೀರೆ ಉಡಿಸಿ, ನಡುಮನೆಯಲ್ಲಿ ಹಸೆಮಣೆಯ ಮೇಲೆ ಕೂರಿಸಿದರು. ಮೊದಲ ಸೀರೆ. ಉಸಿರು ಬಿಟ್ಟರೆ ಜಾರುತ್ತದೆ ಎಂದು ಉಸಿರನ್ನೂ ಅಳೆದು ಬಿಡುತ್ತಿದ್ದೆ. ಕೊಪ್ಪಲಿನ ಹೆಂಗಸರು ಸೋಬಾನೆ ಹೇಳಿ ಆರತಿ ಎತ್ತುತ್ತಿದ್ದಾಗ ಮದಲೇನಮ್ಮ ಟೀಚರು ಬಂದರು. ನಾನು ಏಕೆ ಬರುತ್ತಿಲ್ಲ ಎಂದು ಅವರು ಅಪ್ಪನನ್ನು ಗೇಟಿನ ಹತ್ತಿರ ಕೇಳಿದ್ದರಂತೆ. ಅಪ್ಪ ನೆಲ ನೋಡುತ್ತ, ಮಗ ದೊಡ್ಡೋಳಾದ್ಲು ಕಣ್ರಮ್ಮ, ಭಾನುವಾರ ಎಬ್ಬುಸ್ತೀವಿ ಎಂದಿದ್ದರಂತೆ. ಟೀಚರು ಚರ್ಚಿನ ಪೂಜೆ ಮುಗಿಸಿಕೊಂಡು ಹಾಗೆಯೇ ಅಷ್ಟು ದೂರ ನಡೆದು ಬಂದಿದ್ದರು. ಚಪ್ಪಲಿ ಜಗುಲಿಯ ಕೆಳಗೆ ಬಿಟ್ಟು, ಕೊಡೆ ಮಡಿಸಿ, ಒಳಗೆ ಬಂದು ಹೆಂಗಸರ ನಡುವೆ ಚಾಪೆಯ ಮೇಲೆ ಕೂತರು. ಅಜ್ಜಿ ಅವರಿಗೆ ಹಿತ್ತಾಳೆ ತಟ್ಟೆಯಲ್ಲಿ ಚಿಗಳಿ, ಬಾಳೆಹಣ್ಣು ಕೊಟ್ಟಳು. ಅವರು ತಿಂದರು, ಮಣ್ಣಿನ ಮಾತೆತ್ತಲಿಲ್ಲ. ಅವ್ವನಿಗೆ ಅವರ ಮೇಲೆ ಅಭಿಮಾನ ಹುಟ್ಟಿದ್ದು ಅಲ್ಲೇ.

"ವರ್ಷದ ಪರೀಕ್ಷೆವರೆಗಾದರೂ ನಿಂಗಮ್ಮನ್ನ ಕಳಿಸಿ ಅಮ್ಮ," ಎಂದು ಟೀಚರು ಅಜ್ಜಿಗೆ ಹೇಳಿದರು. "ಪಾಸಾದರೆ ಮುಂದಕ್ಕೆ ಅವಳಿಗೆ ಒಂದು ದಾರಿ ಇರುತ್ತೆ."

ಅಜ್ಜಿ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. ಮನೆಗೆ ಬಂದವರ ಮುಂದೆ, ಅದರಲ್ಲೂ ಇಷ್ಟು ಜನ ಹೆಂಗಸರ ಮುಂದೆ, ಒಂದೇ ಏಟಿಗೆ ಇಲ್ಲ ಎನ್ನಲು ಅವಳಿಗೂ ಆಗಲಿಲ್ಲ.

"ಇಷ್ಟ್ ವರ್ಸ ಗಾಡೀಲಿ ಕುಂಡ್ರಿಸ್ಕೊಂಡ್ ಓಗಿ ಬಂದವ್ನಲ್ಲ ನನ್ ಮಗ. ಏನ್ ಕಲ್ತವ್ಳೆ ನೋಡಾನ. ನೀವೇ ಒಂದ್ ಲೆಕ್ಕ ಕೇಳಿ. ಬಂದ್ರೆ ಓಗ್ಲಿ. ಬರ್ದಿದ್ರೆ ಮನೇಲಿರ್ಲಿ. ನಾನಾಡಿದ್ ಮಾತು ಆಡ್ದಂಗೆ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆಯೆತ್ತಿದರು. ನನಗೆ ಹೆದರಿಕೆಯಾಗಲಿಲ್ಲ. ಟೀಚರು ನನಗೆ ಒಳ್ಳೆಯದಾಗಲೆಂದೇ ಇರಬೇಕು, ನಾನು ಕೇಳಿದ್ದ ಕೊನೆಯ ಪಾಠವನ್ನೇ ತೆಗೆದರು. ಅವಿಭಾಜ್ಯ ಸಂಖ್ಯೆ ಅಂದರೇನು ಹೇಳು ಎಂದರು. ಬಾಯಿಪಾಠದ ವಾಕ್ಯ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಬಾಯಿಗೆ ಬಂದದ್ದು ಗುಡ್ಲಿನ ಮಾತು.

"ಅವು ಹೊರಗಾದವು ಟೀಚರಮ್ಮ. ಯಾರ ಮಗ್ಗೀಲೂ ಸೇರ್ಸಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೂಲೆಯಿಂದ ಒಬ್ಬಳು, ಲೆಕ್ಕಗಳೂ ಒರಗಾಯ್ತವಾ, ಅವಕ್ಕೂ ಗುಡ್ಲು ಹಾಕ್ಬೇಕಾ ಎಂದಳು. ಮನೆಯೆಲ್ಲ ನಗು. ಅಪ್ಪ ಹಿತ್ತಲಿಗೆ ಇಳಿದುಬಿಟ್ಟರು. ಟೀಚರು ಮಾತ್ರ ನಗಲಿಲ್ಲ. ಸರಿಯಾಗಿ ಹೇಳಿದ್ದೀ ಎಂದರು. ಆಮೇಲೆ ನಲವತ್ತರಿಂದ ಐವತ್ತರೊಳಗೆ ಇರುವವನ್ನು ಹೇಳು ಎಂದರು.

"ನಲವತ್ತೊಂದು, ನಲವತ್ಮೂರು, ನಲವತ್ತಾರು, ನಲವತ್ತೇಳು."

ಟೀಚರ ಮುಖ ಇಳಿಯಿತು. ಇನ್ನೊಂದು ಸಲ ಯೋಚನೆ ಮಾಡಿ ಹೇಳು ಎಂದರು. ಯೋಚನೆ ಮಾಡಲು ನನಗೆ ಏನೂ ಕಾಣಲಿಲ್ಲ. ದಿನದಿನವೂ ಗೋಡೆಗೆ ಕಿವಿಯಿಟ್ಟು ಕೇಳಿದವಳು ನಾನು. ನಲವತ್ತಾರು ಒಂದು ಸಲವೂ ಬಂದಿರಲಿಲ್ಲ. ಇನ್ನೂ ಗಟ್ಟಿಯಾಗಿ, ನಲವತ್ತಾರನ್ನು ಒತ್ತಿ, ಮತ್ತೆ ಅದನ್ನೇ ಹೇಳಿದೆ.

"ನಲವತ್ತಾರು ಅಲ್ಲ, ತಾಯಿ," ಎಂದರು ಟೀಚರು.

ಅವರು ಸುಳ್ಳು ಹೇಳಬಹುದಾಗಿತ್ತು. ಅಲ್ಲಿದ್ದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಗ ಅದಕ್ಕಾಗಿ ಅವರ ಮೇಲೆ ಕೋಪ ಬಂದಿತ್ತು. ಈಗ ಯೋಚಿಸಿದರೆ, ಅವರು ಹಾಗೆ ಮಾಡಿದ್ದರೆ ನನಗೆ ಅವರ ಮುಖ ಇಷ್ಟು ಚೆನ್ನಾಗಿ ನೆನಪಿರುತ್ತಿರಲಿಲ್ಲ ಎನಿಸುತ್ತದೆ. ಅಜ್ಜಿ ಗೆದ್ದವಳ ಹಾಗೆ ಏನೂ ಆಡಲಿಲ್ಲ. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿ, ಕುಂಕುಮ ಇಳಿದಿದ್ದನ್ನು ಸರಿಮಾಡಿ, ಟೀಚರ ಕಡೆಗೆ ತಿರುಗಿದಳು.

"ಬರ್ನಿಲ್ಲ ಅಂದ್ರೆ ಬರ್ನಿಲ್ಲ. ಬೇಜಾರ್ ಮಾಡ್ಕೊಬ್ಯಾಡಿ. ಎಣ್ಣು ಮನೇಲಿರ್ಲಿ ಬುಡಿ."

ನಾನು ಮತ್ತೆ ಆ ಸ್ಕೂಲಿನ ಗೇಟು ದಾಟಲಿಲ್ಲ. ಸಂಜೆ ಮಾವ ಗುಡ್ಲಿಗೆ ಬೆಂಕಿ ಇಟ್ಟ, ಅದನ್ನು ಸುಟ್ಟೇ ತೆಗೆಯಬೇಕು. ಬಾಡಿದ ಸೊಪ್ಪಿನ ಹೊಗೆ ಗೋಡೆ ಹತ್ತಿ ಕೂಲಿಮಠಕ್ಕೆ ನುಗ್ಗಿ, ಹುಡುಗರು ಹದಿನಾಲ್ಕರ ಮಗ್ಗಿಯ ನಡುವೆ ಕೆಮ್ಮತೊಡಗಿದರು. ಹುಣಸೆಬೀಜಗಳನ್ನು ಚಾಪೆಯ ಕೆಳಗೆ ಮರೆತಿದ್ದೆ. ಅವು ಬೆಂಕಿಯಲ್ಲಿ ಪಟಪಟ ಒಡೆಯುವುದು ಕೇಳಿಸಿತು.

ಈಗ ಮೊದಲು ಹೇಳಿದ ದಿನಕ್ಕೆ ಬರುತ್ತೇನೆ. ಬೆಳಗಿನ ಕೆಲಸವೆಲ್ಲ ಆದಮೇಲೆ ಸಗಣಿಗೆ ಹೊಟ್ಟು ಕಲಸಿ ಬೆರಣಿ ತಟ್ಟಲು ಕೂತೆ. ಗುಡ್ಲಿನ ಮಸಿ ಹಿಡಿದಿದ್ದ ಅದೇ ಗೋಡೆ. ಕೊಟ್ಟಿಗೆಯ ಮೂಲೆಯಿಂದ ನುಗ್ಗೆಮರದವರೆಗೆ ಮೇಲೊಂದು ಸಾಲು ತಟ್ಟಿದೆ, ಪ್ರತಿಯೊಂದರ ಕೆಳಗೆ ಇನ್ನೊಂದು. ಪಕ್ಕದ ಮನೆಯವರು ರಾತ್ರಿ ಬೆರಣಿ ಎತ್ತುತ್ತಾರೆಂದು ಅಜ್ಜಿಗೆ ಗುಮಾನಿ. ತಟ್ಟಿದ ಮೇಲೆ ಎಣಿಸಿ ಅವಳಿಗೆ ಹೇಳಬೇಕಾಗಿತ್ತು. ಮೇಲಿನ ಸಾಲು ಎಣಿಸಿದರೆ ಇಪ್ಪತ್ಮೂರು. ಕೆಳಗಿನದು ಎಣಿಸುವ ಅಗತ್ಯವೇ ಇರಲಿಲ್ಲ. ಅದೂ ಅಷ್ಟೇ. ಒಟ್ಟು ಎಷ್ಟು ಎಂದು ಕೂಡಿದವಳ ಕೈ ಸಗಣಿಯಲ್ಲೇ ನಿಂತಿತು. ನಲವತ್ತಾರು. ಎರಡು ಸಾಲು, ಒಂದೂ ಉಳಿಯದೆ, ಒಂದೂ ಕಡಿಮೆಯಾಗದೆ, ಗೋಡೆಯ ಮೇಲೆ ಹಸಿಹಸಿಯಾಗಿ ಕೂತಿದ್ದವು. ಇಪ್ಪತ್ಮೂರೊಂದ್ಲ ಇಪ್ಪತ್ಮೂರು, ಇಪ್ಪತ್ಮೂರೆರಡ್ಲ ನಲವತ್ತಾರು. ಆ ಮಗ್ಗಿ ಇದ್ದೇ ಇತ್ತು. ಐಗಳು ಇಪ್ಪತ್ತಕ್ಕೆ ನಿಲ್ಲಿಸುತ್ತಿದ್ದರು, ಹುಡುಗರು ಚಾಪೆ ಸುತ್ತಿಕೊಂಡು ಹೋಗುತ್ತಿದ್ದರು, ನಾನು ಅಷ್ಟೇ ಲೋಕವೆಂದುಕೊಂಡು ಕೂತಿದ್ದೆ. ನಲವತ್ತಾರು ಹೊರಗಾದದ್ದಲ್ಲ. ಹೇಳುವವರು ಅದು ಬರುವ ಮೊದಲೇ ನಿಲ್ಲಿಸಿದ್ದರು.

ಕೈ ತೊಳೆಯದೆಯೇ ಎದ್ದೆ. ಟೀಚರಿಗೆ ಹೇಳಬೇಕು ಎಂಬುದೊಂದೇ ತಲೆಯಲ್ಲಿ. ಕೊಟ್ಟಿಗೆ ದಾಟಿ, ನಡುಮನೆ ದಾಟಿ ಬಂದೆ. ಹೊಸ್ತಿಲಲ್ಲಿ ಅಜ್ಜಿ ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕೂತಿದ್ದಳು. ಅವಳ ಆಚೆ, ಅವ್ವ ನೀರು ಹಾಕಿದ್ದ ಅಂಗಳ ಬಿಸಿಲಿಗೆ ಒಣಗುತ್ತಿತ್ತು. ಎಲ್ಲಿಗೆ ಎಂದು ಅಜ್ಜಿ ತಲೆಯೆತ್ತದೆ ಕೇಳಿದಳು. ಎಲ್ಲಿಗೂ ಇಲ್ಲ ಎಂದೆ. ಹಾಗಾದರೆ ಬೆರಣಿ ಎಷ್ಟಾದವು ಎಂದಳು. ನಲವತ್ತಾರು ಎಂದೆ. ಹಿಂದಕ್ಕೆ ಹೋಗಿ ವಾಡೆಗಳ ಕೋಣೆಯಲ್ಲಿ, ಎರಡು ವಾಡೆಗಳ ನಡುವಿನ ಸಂದಿಯಲ್ಲಿ ಗೋಡೆಗೆ ಮುಖವಿಟ್ಟು ಅತ್ತೆ. ತಪ್ಪು ಹೇಳಿದ್ದಕ್ಕೆ ನಾನು ಅಳಲಿಲ್ಲ. ಸರಿಯಾದದ್ದು ಒಂದು ದಿನ ತಡವಾಗಿ ಬಂದಿತ್ತು, ಬಂದಮೇಲೂ ಅದನ್ನು ತೆಗೆದುಕೊಂಡು ಹೋಗಲು ಕಾಲಿಗೆ ದಾರಿಯಿರಲಿಲ್ಲ.

ಮಧ್ಯಾಹ್ನ ಎತ್ತಿಗೆ ಹುಲ್ಲು ಹಾಕಲು ಅಪ್ಪ ಬಂದರು. ಉಂಡು ಜಗುಲಿಗೆ ಹೋಗುವ ಮುಂಚೆ ಕೊಟ್ಟಿಗೆಯಲ್ಲಿ ಅವರನ್ನು ಹಿಡಿದೆ.

"ಅಪ್ಪಾ, ಟೀಚರಮ್ಮಂಗೆ ಒಂದ್ ಮಾತು ಯೋಳ್ಬೇಕು. ನಲವತ್ತಾರು ಇಪ್ಪತ್ಮೂರರ ಮಗ್ಗೀಲಿ ಸಿಕ್ತು ಅಂತ."

"ಯೋಳುದ್ರೆ ಏನಾಯ್ತದೆ ಮಗ?"

"ಏನೂ ಆಗಲ್ಲ. ಯೋಳು ಸಾಕು."

ಅಪ್ಪ ಕೈಯಲ್ಲಿದ್ದ ಹುಲ್ಲನ್ನು ಎತ್ತಿನ ಮುಂದೆ ಹಾಕಿದರು. ಹಿಂದಿನ ದಿನ ಹೆಂಗಸರು ನಕ್ಕಾಗ ಹಿತ್ತಲಿಗೆ ಇಳಿದುಬಿಟ್ಟಿದ್ದು ಅವರ ಮನಸ್ಸಿನಲ್ಲೂ ಇತ್ತೋ ಏನೋ. ಅಪ್ಪ ಇಟ್ಟಿಗೆಯನ್ನು ಐದೈದಾಗಿ ಎಣಿಸುವವರು, ಮಗ್ಗಿ ಗೊತ್ತಿಲ್ಲ. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ತಾವು ಹೇಳಿ ನೋಡಿದರು, ಇಪ್ಪತ್ಮೂರು ಮೊದಲೋ ನಲವತ್ತಾರು ಮೊದಲೋ ಎಂದು ತಡವರಿಸಿದರು, ತಿದ್ದಿದೆ. ಗಾಡಿ ಹೂಡುವಾಗಲೂ ತುಟಿ ಅಲುಗುತ್ತಿತ್ತು. ಅಜ್ಜಿ, ಯಾರ್ ಜೊತೆಲೋ ಮಾತಾಡ್ತಿದ್ದೀಯೆ ಎಂದರೆ, ಎತ್ತಿನ ಜೊತೆ ಎಂದರು.

ಗಾಡಿ ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ನಾನು ಕಾಲಿಗೆ ನೀರು ಕೊಟ್ಟು ನಿಂತೆ. ಅಪ್ಪ ಒಂದೊಂದೇ ಕಾಲು ತೊಳೆದು, ಟವಲು ಕೊಡವಿ, ಕೊನೆಗೆ ಹೇಳಿದರು. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಟೀಚರು ಹೊರಗೆ ಬರುವವರೆಗೆ ಕಾದರಂತೆ. ಮಾತು ಮರೆಯಬಾರದೆಂದು ದಾರಿಯಲ್ಲಿ ಯಾರು ಮಾತಾಡಿಸಿದರೂ ಕೈಸನ್ನೆಯಲ್ಲೇ ಹೋಗು ಎಂದರಂತೆ. ಟೀಚರು ಕೇಳಿ, ಕೊಡೆ ಊರಿಕೊಂಡು ಅಲ್ಲೇ ನಿಂತರಂತೆ. ಯಾರು ಹೇಳಿಕೊಟ್ಟರು ಎಂದರಂತೆ. ಯಾರೂ ಇಲ್ಲ ಕಣ್ರಮ್ಮ, ಬೆರಣಿ ತಟ್ಟುವಾಗ ಸಿಕ್ಕಿತಂತೆ ಎಂದರಂತೆ ಅಪ್ಪ.

"ಆಮೇಲೆ?"

"ಇನ್ನೂ ಅಂತವು ಅವೆಯಂತೆ ಮಗ. ಐವತ್ತೆಂಟು ಎಲ್ಲಿ ಸಿಗ್ತದೆ ಕೇಳಿ ಅಂದ್ರು. ನಾಳೆ ಇದೇ ಒತ್ಗೆ ಗೇಟತ್ರ ಇರ್ತಾರಂತೆ."

ಅಜ್ಜಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಆ ಟೀಚರಮ್ಮನಿಗೆ ಬೇರೆ ಕೆಲಸವಿಲ್ಲವೇ, ಆಡಿದ ಮಾತು ಆಡಿದ ಹಾಗೆ ಎಂದಿರಲಿಲ್ಲವೇ ಎಂದು ಏರಿದ ದನಿಯಲ್ಲಿ ಕೇಳಿದಳು. ಅಪ್ಪ ಅವಳ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ಅಂದು ಟವಲನ್ನು ಹೆಗಲಿಗೆ ಹಾಕಿಕೊಂಡು, ಅಜ್ಜಿಯ ಮುಖ ನೋಡದೆ, ಒಂದೇ ಮಾತು ಹೇಳಿದರು.

"ಮಗ ವಸ್ಲು ದಾಟ್ನಿಲ್ವಲ್ಲವ್ವ. ಲೆಕ್ಕ ತಾನೆ ದಾಟಿದ್ದು."

ಅಜ್ಜಿ ತಟ್ಟೆ ಹಾಕು ಎಂದು ಅವ್ವನ ಮೇಲೆ ರೇಗಿದಳು.

ಆ ರಾತ್ರಿ ಉಂಡದ್ದು ರಾಗಿಮುದ್ದೆ, ದಂಟಿನ ಸೊಪ್ಪಿನ ಉಪ್ಸಾರು, ಒಂದು ತುತ್ತು ಅನ್ನ, ನೀರುಮಜ್ಜಿಗೆ. ಉಣ್ಣುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ನಾನು ಮುದ್ದೆಯನ್ನು ಮುರಿಯುತ್ತ ಐವತ್ತೆಂಟನ್ನು ಎರಡು ಸಾಲು ಮಾಡಿ ನೋಡಿದೆ. ಎಲ್ಲಿಯೋ ಒಂದು ಕಡೆ ತಪ್ಪಿತು, ಮತ್ತೆ ಮೊದಲಿಂದ ಹಿಡಿದೆ. ಪಾತ್ರೆ ಬೆಳಗಿ, ಒಲೆ ಸಾರಿಸಿ, ಬೀದಿ ಬಾಗಿಲ ಅಗುಳಿ ಹಾಕಿ ಬರುವ ಹೊತ್ತಿಗೆ ಅದು ಸಿಕ್ಕಿತು. ನಡುಮನೆಗೆ ಓಡಿಬಂದು, ಅಪ್ಪಾ, ಇಪ್ಪತ್ತೊಂಬತ್ತು ಎಂದೆ. ಮೊದಲು ಮಲಗಿದವರು ಅಂದು ಅಪ್ಪನೇ. ಬಾಯಿ ತುಸು ತೆರೆದಿತ್ತು.

"ಬೆಳಗ್ಗೆ ಯೋಳು," ಎಂದಳು ಅವ್ವ, ದೀಪ ಸಣ್ಣಗೆ ಮಾಡುತ್ತ. "ಈಗ ಎಬ್ಬಿಸಿ ಯೋಳುದ್ರೆ ನಿದ್ದೇಲಿ ಚೆಲ್ಬುಡ್ತಾರೆ."

ಆಮೇಲೆ ಅಜ್ಜಿ ಮಲಗಿದಳು, ಆಮೇಲೆ ಅವ್ವ. ನಾನು ಇಪ್ಪತ್ತೊಂಬತ್ತನ್ನು ಬಾಯೊಳಗೆ ಇಟ್ಟುಕೊಂಡು, ಬೆಳಗಾಗುವುದನ್ನು ಕಾಯುತ್ತ ಬಿದ್ದುಕೊಂಡೆ.